ಮೂರು ಅಂಕಕ್ಕೆ ಐದು ಅಂಕ

ಪಿಯುಸಿಯಲ್ಲಿ 300ಕ್ಕೆ 268 ತೆಗೆದವಳು ಹಿಂದೆ, 231 ತೆಗೆದವನು ಮುಂದೆ. ಮೋಸ ಎಲ್ಲೂ ನಡೆದಿಲ್ಲ, ಲೆಕ್ಕವೇ ಹಾಗಿದೆ. ಸಿಇಟಿ, ನೀಟ್, ಜೆಇಇಗಳ ಋತುವಿನಲ್ಲಿ ದಾಬಸ್‌ಪೇಟೆಯಂಥ ಊರಿನ ಮಕ್ಕಳು ಚೆನ್ನಾಗಿ ಓದಿಯೂ ಸೀಟು ಕಳೆದುಕೊಳ್ಳುವುದು ಹೇಗೆ? ಯಾವ ಅಂಕ ಎಲ್ಲಿ ತೂಗುತ್ತದೆ, ಎಲ್ಲಿ ಕಸಕ್ಕೆ ಸಮ?

ದಾಬಸ್‌ಪೇಟೆಯ ಮೇಲ್ಸೇತುವೆ ಕೆಳಗೆ ಬೆಳಿಗ್ಗೆ ಒಂಬತ್ತಕ್ಕೆಲ್ಲ ಗದ್ದಲ ಶುರುವಾಗಿರುತ್ತದೆ. ತುಮಕೂರಿನ ಬಸ್ಸು ಹಿಡಿಯುವವರು, ದೊಡ್ಡಬಳ್ಳಾಪುರದತ್ತ ತಿರುಗಿಕೊಳ್ಳುವ ಕಂಟೇನರ್ ಲಾರಿಗಳು, ಸೋಂಪುರ ಕೈಗಾರಿಕಾ ಪ್ರದೇಶಕ್ಕೆ ಜನರಲ್ ಶಿಫ್ಟ್‌ನವರನ್ನು ತುಂಬಿಕೊಂಡು ಓಡುವ ವ್ಯಾನುಗಳು. ಜೂನ್ ಬಂತೆಂದರೆ ಇದರ ಜತೆಗೆ ಇನ್ನೊಂದು ಸಾಲು ಸೇರಿಕೊಳ್ಳುತ್ತದೆ. ಅದು ಜೆರಾಕ್ಸ್ ಅಂಗಡಿ ಮುಂದಿನ ಸಾಲು.

ಪ್ಲಾಸ್ಟಿಕ್ ಫೈಲು ಎದೆಗವಚಿಕೊಂಡ ಹುಡುಗಿ. ಪಕ್ಕದಲ್ಲಿ ರಾತ್ರಿ ಪಾಳಿ ಮುಗಿಸಿ ಮನೆಗೂ ಹೋಗದೆ ಬಂದ ಅಪ್ಪ. ಕೊರಳಲ್ಲಿ ಇನ್ನೂ ಕಂಪನಿಯ ಐಡಿ ಕಾರ್ಡು. ಫೈಲಿನೊಳಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯು ಅಂಕಪಟ್ಟಿ, ವ್ಯಾಸಂಗ ಪ್ರಮಾಣಪತ್ರ, ಜಾತಿ-ಆದಾಯದ ಕಾಗದ, ಮಧ್ಯೆ ಎಲ್ಲೋ ಸಿಕ್ಕಿಕೊಂಡ ಒಂದು ಲಗ್ನಪತ್ರಿಕೆ. ಕಂಪ್ಯೂಟರ್ ಮುಂದೆ ಕೂತವನು ತಲೆ ಎತ್ತದೆ ಕೇಳುತ್ತಾನೆ: ‘ಜಾತಿ ಕಾಗದದ ಆರ್‌ಡಿ ನಂಬರ್ ಹೇಳಿ ಅಣ್ಣ. ಒಟಿಪಿ ಯಾರ ಫೋನಿಗೆ ಬರುತ್ತೆ?’

ಅಪ್ಪನ ಚಿಂತೆ ಬೇರೆ. ‘ನಮ್ಮ ಹುಡುಗಿಗೆ ಇನ್ನೂರ ಅರವತ್ತೆಂಟು ಬಂದದೆ. ಹಿಂದ್ಲು ಬೀದಿ ಹುಡುಗನಿಗೆ ಇನ್ನೂರ ಮೂವತ್ತೊಂದು. ಅವನ ರ‍್ಯಾಂಕು ಹೆಂಗೆ ಮುಂದಕ್ಕೋಯ್ತು?’

ಈ ಋತುವಿನಲ್ಲಿ ಯಾವ ಊರಿನ ಜೆರಾಕ್ಸ್ ಅಂಗಡಿಗೆ ಹೋದರೂ ಇಂಥದೊಂದು ಪ್ರಶ್ನೆ ಕಿವಿಗೆ ಬೀಳುತ್ತದೆ. ಉತ್ತರ ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ. ಹಾಗೆಂದು ಅದೇನೂ ಕಷ್ಟದ ಲೆಕ್ಕವಲ್ಲ.

ಎಂಜಿನಿಯರಿಂಗ್ ರ‍್ಯಾಂಕಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಎಲ್ಲರ ಬಾಯಲ್ಲಿ ಕೆಇಎ, ಎರಡು ಅಂಕಗಳನ್ನು ಅರ್ಧರ್ಧ ಬೆರೆಸುತ್ತದೆ. ಪಿಯುಸಿಯ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ ಸೇರಿ 300 ಅಂಕ. ಸಿಇಟಿಯಲ್ಲಿ ಅವೇ ಮೂರು ವಿಷಯ, ತಲಾ 60ರಂತೆ 180 ಅಂಕ. ಎರಡನ್ನೂ ಶೇಕಡಾವಾರಿಗೆ ಇಳಿಸಿ, ಎರಡರಿಂದಲೂ ಅರ್ಧ ತೆಗೆದುಕೊಂಡು ಕೂಡಿಸುತ್ತಾರೆ. ಬಂದ ಮೊತ್ತದ ಮೇಲೆ ರ‍್ಯಾಂಕು.

ಗುಟ್ಟು ಇರುವುದು ಇಲ್ಲಿ. ಐವತ್ತರ ಪಾಲು ಎರಡಕ್ಕೂ ಸಮ, ಆದರೆ ಒಂದು ಕಡೆ ಅದು 300 ಅಂಕಗಳಿಗೆ ಹಂಚಿಹೋಗುತ್ತದೆ, ಇನ್ನೊಂದು ಕಡೆ ಬರೀ 180ಕ್ಕೆ. ಹಾಗಾಗಿ ಸಿಇಟಿಯ ಮೂರು ಅಂಕ ಪಿಯುಸಿಯ ಐದು ಅಂಕಕ್ಕೆ ಸಮ. ಹುಡುಗ ಪಿಯುಸಿಯಲ್ಲಿ 37 ಅಂಕ ಹಿಂದೆ ಬಿದ್ದರೂ ಸಿಇಟಿಯಲ್ಲಿ 30 ಅಂಕ ಹೆಚ್ಚು ತೆಗೆದಿದ್ದರೆ ಮುಂದೆ ಹೋಗುವುದು ಅವನೇ.

▌ ಲೆಕ್ಕ ಮಾಡಿ ನೋಡಿ
ಅವಳು: ಪಿಯು 268/300 = ಶೇ 89.33, ಅರ್ಧ 44.67. ಸಿಇಟಿ 66/180 = ಶೇ 36.67, ಅರ್ಧ 18.33. ಒಟ್ಟು 63.00
ಅವನು: ಪಿಯು 231/300 = ಶೇ 77; ಅರ್ಧ 38.50. ಸಿಇಟಿ 96/180 = ಶೇ 53.33, ಅರ್ಧ 26.67. ಒಟ್ಟು 65.17
ಮೊತ್ತದಲ್ಲಿ ಎರಡು ಅಂಕದ ಅಂತರ ಎಂದರೆ ರ‍್ಯಾಂಕ್ ಪಟ್ಟಿಯಲ್ಲಿ ಸಾವಿರಾರು ಸ್ಥಾನ.

ಸರ್ಕಲ್ಲಿನಲ್ಲಿ ಕಟ್ಟಿದ ಫ್ಲೆಕ್ಸ್‌ಗಳನ್ನೂ ಈ ಕಣ್ಣಿನಿಂದ ನೋಡಬೇಕು. 600ಕ್ಕೆ 571 ಎಂದು ದಪ್ಪಕ್ಷರದಲ್ಲಿ ಹಾಕಿ ಹಾರ ಹಾಕಿರುತ್ತಾರೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಅದರಲ್ಲಿ ಎಣಿಕೆಗೆ ಬರುವುದು ಅರ್ಧ. ಕನ್ನಡ, ಇಂಗ್ಲಿಷ್ ಸೇರಿ 200 ಅಂಕಗಳಿಗೆ ಪಾಸಾದರೆ ಸಾಕು. ನಾಲ್ಕನೆಯ ವಿಷಯ ಜೀವವಿಜ್ಞಾನವೋ ಕಂಪ್ಯೂಟರ್ ಸೈನ್ಸೋ, ಅದರ ನೂರೂ ಪಕ್ಕಕ್ಕೆ. ಕನ್ನಡದಲ್ಲಿ ನೂರಕ್ಕೆ ನೂರು ತೆಗೆದ ಹುಡುಗಿಗೆ ಅಭಿನಂದನೆ ಹೇಳೋಣ, ಆದರೆ ಆ ನೂರು ಅವಳನ್ನು ಸಿಇಟಿ ಪಟ್ಟಿಯಲ್ಲಿ ಒಂದು ಸ್ಥಾನವೂ ಮೇಲೆ ತರುವುದಿಲ್ಲ.

ಉಳಿದ 300ರ ಒಳಗೂ ಇನ್ನೊಂದು ಸೂಕ್ಷ್ಮವಿದೆ. ಭೌತವಿಜ್ಞಾನ, ರಸಾಯನವಿಜ್ಞಾನಗಳಲ್ಲಿ ತಲಾ 30 ಪ್ರಾಕ್ಟಿಕಲ್ಲಿಗೆ, ಗಣಿತದಲ್ಲಿ 20 ಆಂತರಿಕ ಮೌಲ್ಯಮಾಪನಕ್ಕೆ. ಅಂದರೆ 80 ಅಂಕ ಪ್ರಶ್ನೆಪತ್ರಿಕೆಯ ಆಚೆ ಸಿಗುವಂಥದ್ದು. ಅವನ್ನು ಕೊಡುವುದರಲ್ಲಿ ನಮ್ಮ ಕಾಲೇಜುಗಳು ಜಿಪುಣತನ ಮಾಡುವುದಿಲ್ಲ. ಎಲ್ಲರಿಗೂ ಸಿಕ್ಕಿದ್ದು ಯಾರನ್ನೂ ಮುಂದೆ ತರುವುದಿಲ್ಲ. ಹಾಗಾಗಿ ಕಾಗದದ ಮೇಲೆ ಅರ್ಧರ್ಧ ಎಂದಿದ್ದರೂ ನಿಜಕ್ಕೂ ಮಕ್ಕಳನ್ನು ಬೇರೆ ಬೇರೆ ಮಾಡಿ ನಿಲ್ಲಿಸುವುದು ಸಿಇಟಿಯೇ.

ಆ ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ಪ್ರತಿ ಪ್ರಶ್ನೆಗೆ ನಾಲ್ಕು ಆಯ್ಕೆ. ಕಣ್ಣು ಮುಚ್ಚಿ ಗುಂಡಿ ತುಂಬಿದರೂ ಸರಾಸರಿ 15 ಬರಬೇಕು. ಗೊತ್ತಿಲ್ಲವೆಂದು ಪ್ರಾಮಾಣಿಕವಾಗಿ ಹತ್ತು ಪ್ರಶ್ನೆ ಖಾಲಿ ಬಿಟ್ಟು ಬಂದವರು ಆ ಪ್ರಾಮಾಣಿಕತೆಗೆ ರ‍್ಯಾಂಕಿನಲ್ಲಿ ದಂಡ ಕಟ್ಟುತ್ತಾರೆ.

ಸಂದರ್ಶನದಿಂದ ಸಿಇಟಿವರೆಗೆ

ಸೀಟಿಗೆ ಯಾವ ಅಂಕ ಎಣಿಸಬೇಕು ಎಂಬ ಜಗಳ ಈ ರಾಜ್ಯಕ್ಕೆ ಹೊಸದಲ್ಲ. ದೇಶಕ್ಕೇ ಆ ಜಗಳ ಕಲಿಸಿದವರು ನಾವು ಎಂದರೂ ತಪ್ಪಿಲ್ಲ.

1962ರಲ್ಲಿ ಮೈಸೂರು ಸರ್ಕಾರ ಎಂಜಿನಿಯರಿಂಗ್, ವೈದ್ಯಕೀಯ ಸೀಟುಗಳಲ್ಲಿ ಶೇ 68ರಷ್ಟನ್ನು ಮೀಸಲಿಟ್ಟಿತು. ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮೀಸಲಾತಿ ಸಾಮಾನ್ಯವಾಗಿ ಐವತ್ತರ ಒಳಗಿರಬೇಕು ಎಂಬ ಮಾತು ಮೊದಲು ಬಂದದ್ದು ಅಲ್ಲಿಂದ. ಮರುವರ್ಷ ಸರ್ಕಾರ ಸಂದರ್ಶನ ತಂದಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಕಾಲುಭಾಗದಷ್ಟನ್ನು ಸಂದರ್ಶನಕ್ಕೆ ಕೊಟ್ಟರು. ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದೂ ಸಂದರ್ಶನದಲ್ಲಿ ಕೆಳಗಿಳಿದವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಚಿತ್ರಲೇಖಾ ಪ್ರಕರಣ ಎಂದು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವುದು ಇದನ್ನೇ. ಸಂದರ್ಶನ ಇಡುವುದೇ ತಪ್ಪೇನಲ್ಲ ಎಂದು 1964ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮೂರು ಜನ ಕೂತು ಐದು ನಿಮಿಷ ಮಾತಾಡಿಸಿ ಕೊಡುವ ಅಂಕದಲ್ಲಿ ಯಾರ ಮಗ ಯಾರು ಎಂಬುದು ಎಷ್ಟು ಸೇರಿರುತ್ತದೆ ಎಂದು ಹೇಳುವ ಅಗತ್ಯವಿಲ್ಲ.

ಆಮೇಲೆ ಬಂತು ದುಡ್ಡಿನ ಕಾಲ. ಕ್ಯಾಪಿಟೇಶನ್ ಶುಲ್ಕ ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ 1984ರಲ್ಲೇ ಮಾಡಿತ್ತು. ಆದರೆ 1989ರ ಜೂನ್‌ನಲ್ಲಿ ಸರ್ಕಾರವೇ ಹೊರಡಿಸಿದ ಅಧಿಸೂಚನೆಯಲ್ಲಿ ಖಾಸಗಿ ವೈದ್ಯಕೀಯ ಕಾಲೇಜಿನ ಸೀಟಿಗೆ ಮೂರು ಬೆಲೆ ಇದ್ದವು: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಉಳಿದವರಿಗೆ 25,000, ಹೊರರಾಜ್ಯದವರಿಗೆ 60,000.

ಈ ಮೂರನೆಯ ಬೆಲೆಯ ಕತೆ ನಡೆದದ್ದು ದಾಬಸ್‌ಪೇಟೆಯಿಂದ ಅರ್ಧ ಗಂಟೆಯ ದಾರಿಯಲ್ಲಿ, ತುಮಕೂರಿನ ಅಗಳಕೋಟೆಯಲ್ಲಿ. ಉತ್ತರ ಪ್ರದೇಶದ ಮೀರಠ್‌ನ ಮೋಹಿನಿ ಜೈನ್ 1991ರಲ್ಲಿ ಅಲ್ಲಿನ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕಿದ್ದರು. ಮೊದಲ ವರ್ಷದ 60,000 ಕಟ್ಟಿ, ಉಳಿದ ವರ್ಷಗಳಿಗೆ ಬ್ಯಾಂಕ್ ಖಾತರಿ ಕೊಡಿ ಎಂಬ ಸೂಚನೆ ಬಂತು. ತಂದೆಗೆ ಅಷ್ಟು ಶಕ್ತಿ ಇರಲಿಲ್ಲ. ಅದರ ಮೇಲೂ ನಾಲ್ಕೂವರೆ ಲಕ್ಷ ಕೇಳಿದರು ಎಂದು ಅವರು ಆರೋಪಿಸಿದರು. ಆಡಳಿತ ಮಂಡಳಿ ಅದನ್ನು ನಿರಾಕರಿಸಿತು. 1992ರ ಜುಲೈನಲ್ಲಿ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಮತ್ತು ಆರ್.ಎಂ. ಸಹಾಯ್ ಪೀಠ ತೀರ್ಪು ಕೊಟ್ಟಿತು: ಶಿಕ್ಷಣ ಬದುಕುವ ಹಕ್ಕಿನ ಭಾಗ, ಸೀಟು ಮಾರುವುದು ಸಂವಿಧಾನಕ್ಕೆ ವಿರುದ್ಧ.

ಕಾಯ್ದೆಯ ಪುಸ್ತಕದಲ್ಲಿ ಹೆಸರು ಅಜರಾಮರವಾಯಿತು. ಮೋಹಿನಿ ಜೈನ್‌ಗೆ ಸೀಟು ಮಾತ್ರ ಸಿಗಲಿಲ್ಲ. ಅವರ ಆಯ್ಕೆ ಮೆರಿಟ್ ಮೇಲೆ ನಡೆದದ್ದಲ್ಲ, ಪಾಠಗಳೂ ಶುರುವಾಗಿ ಬಹಳ ದಿನವಾಗಿದೆ ಎಂದು ಕೋರ್ಟು ಆ ಒಂದು ಪರಿಹಾರವನ್ನು ಕೊಡಲಿಲ್ಲ.

1993ರಲ್ಲಿ ಉನ್ನಿಕೃಷ್ಣನ್ ತೀರ್ಪು ಬಂದು ಖಾಸಗಿ ಕಾಲೇಜಿನ ಸೀಟುಗಳನ್ನು ಫ್ರೀ ಸೀಟು, ಪೇಮೆಂಟ್ ಸೀಟು ಎಂದು ಅರ್ಧರ್ಧ ಮಾಡಿತು. ಎರಡನ್ನೂ ಮೆರಿಟ್ ಮೇಲೆ ಹಂಚಬೇಕಿತ್ತು. ವೀರಪ್ಪ ಮೊಯಿಲಿ ಮುಖ್ಯಮಂತ್ರಿಯಾಗಿದ್ದ 1994ರಲ್ಲಿ ಸಿಇಟಿ ಘಟಕ ಹುಟ್ಟಿತು. ಮಲ್ಲೇಶ್ವರದ ಆ ಕಚೇರಿಯ ಮುಂದೆ ಕೌನ್ಸೆಲಿಂಗ್‌ಗೆಂದು ರಾಜ್ಯದ ಮೂಲೆಮೂಲೆಯಿಂದ ಬಂದು, ಬುತ್ತಿ ಬಿಚ್ಚಿ, ಪರದೆಯ ಮೇಲೆ ಸೀಟುಗಳು ಒಂದೊಂದಾಗಿ ಕರಗುವುದನ್ನು ನೋಡುತ್ತ ಕೂತವರು ಈಗ ಐವತ್ತರ ಆಸುಪಾಸಿನಲ್ಲಿದ್ದಾರೆ. ಮಗನ ಆಪ್ಷನ್ ಎಂಟ್ರಿ ಮಾಡುವಾಗ ಅವರು ಹಳೆಯ ಕತೆ ಹೇಳದೆ ಬಿಡುವುದಿಲ್ಲ.

2002ರ ಟಿ.ಎಂ.ಎ. ಪೈ ತೀರ್ಪು ಉನ್ನಿಕೃಷ್ಣನ್ ವ್ಯವಸ್ಥೆಯನ್ನು ಬದಿಗೆ ಸರಿಸಿತು. ಈಗಿನ ಒಪ್ಪಂದದ ಪ್ರಕಾರ ಬಹುಪಾಲು ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇ 45ರಷ್ಟು ಸೀಟು ಕೆಇಎಗೆ, ಶೇ 30 ಖಾಸಗಿ ಕಾಲೇಜುಗಳ ಒಕ್ಕೂಟವಾದ ಕಾಮೆಡ್-ಕೆಗೆ, ಉಳಿದ ಕಾಲು ಭಾಗ ಆಡಳಿತ ಮಂಡಳಿಗೆ. ಒಂದೇ ತರಗತಿ, ಒಂದೇ ಬೆಂಚು. ಪಕ್ಕಪಕ್ಕ ಕೂತ ಮೂವರು ಮೂರು ಲೆಕ್ಕದಲ್ಲಿ, ಮೂರು ಬೆಲೆಯಲ್ಲಿ ಒಳಗೆ ಬಂದವರು.

ಆರು ಅಂಕದ ರಾಜಿ

ಅರ್ಧರ್ಧದ ಸೂತ್ರ ಎಷ್ಟು ನಾಜೂಕು ಎಂಬುದು 2022ರಲ್ಲಿ ಗೊತ್ತಾಯಿತು.

ಕೋವಿಡ್‌ನಿಂದಾಗಿ 2021ರಲ್ಲಿ ದ್ವಿತೀಯ ಪಿಯು ಪರೀಕ್ಷೆಯೇ ನಡೆಯಲಿಲ್ಲ. ಎಸ್ಸೆಸ್ಸೆಲ್ಸಿ, ಪ್ರಥಮ ಪಿಯು ಅಂಕಗಳನ್ನು ಮುಖ್ಯವಾಗಿ ಹಿಡಿದು ಫಲಿತಾಂಶ ಕೊಟ್ಟರು. ಎರಡು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ 600ಕ್ಕೆ 600. ಆ ವರ್ಷ ರ‍್ಯಾಂಕಿಗೆ ಸಿಇಟಿ ಅಂಕವನ್ನಷ್ಟೇ ನೋಡಿದ್ದರಿಂದ ತಕರಾರು ಬರಲಿಲ್ಲ. ತಕರಾರು ಬಂದದ್ದು ಮರುವರ್ಷ, ಅದೇ ಬ್ಯಾಚಿನ ಸುಮಾರು 24 ಸಾವಿರ ಮಂದಿ ಮತ್ತೆ ಸಿಇಟಿ ಬರೆದಾಗ. ಹೊಸಬರಿಗೆ ಪಿಯು ಅಂಕ ಸೇರಿಸಿದ ಕೆಇಎ ಇವರ ಪಿಯು ಅಂಕವನ್ನು ಕೈಬಿಟ್ಟಿತು. ಪರೀಕ್ಷೆಯೇ ಬರೆಯದೆ ಬಂದ ಅಂಕವನ್ನು ಬೆವರು ಸುರಿಸಿ ತೆಗೆದ ಅಂಕದ ಪಕ್ಕ ಹೇಗಿಡುವುದು ಎಂಬುದು ಪ್ರಾಧಿಕಾರದ ವಾದ. ಪರೀಕ್ಷೆ ರದ್ದಾದದ್ದು ನಮ್ಮ ತಪ್ಪೇ ಎಂಬುದು ಮಕ್ಕಳ ವಾದ. ಎರಡೂ ಸರಿ, ತಲೆನೋವು ಅದೇ.

ಸೆಪ್ಟೆಂಬರ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಮಕ್ಕಳ ಪರ ತೀರ್ಪಿತ್ತಿತು. ಮೇಲ್ಮನವಿಯಲ್ಲಿ ಒಂದು ಮಧ್ಯದ ದಾರಿ ಹುಡುಕಿದರು: 2021ರ ಬ್ಯಾಚಿನವರ ಪಿಯು ಅಂಕಗಳಲ್ಲಿ ಸರಾಸರಿ ಆರು ಅಂಕ ಕಳೆದು, ಉಳಿದದ್ದನ್ನು ಸಿಇಟಿ ಜತೆ ಬೆರೆಸುವುದು. ವಿಭಾಗೀಯ ಪೀಠ ಒಪ್ಪಿತು. ಹೊಸ ರ‍್ಯಾಂಕ್ ಪಟ್ಟಿ ಬಂತು, ಕಾಲೇಜು ಶುರುವಾಗುವುದು ಚಳಿಗಾಲದವರೆಗೆ ಎಳೆಯಿತು.

2024ರಲ್ಲಿ ಇನ್ನೊಂದು. ಎನ್‌ಸಿಇಆರ್‌ಟಿ ಕೈಬಿಟ್ಟ ಪಾಠಗಳಿಂದಲೇ ಸಿಇಟಿಯಲ್ಲಿ ಪ್ರಶ್ನೆ ಬಂದವು. ನಾಲ್ಕು ವಿಷಯಗಳಿಂದ ಒಟ್ಟು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ತೆಗೆಯಬೇಕಾಯಿತು. ಓದದ ಪಾಠದ ಪ್ರಶ್ನೆ ಜತೆ ಇಪ್ಪತ್ತು ನಿಮಿಷ ಗುದ್ದಾಡಿದವರಿಗೆ ಆ ಇಪ್ಪತ್ತು ನಿಮಿಷ ಯಾರೂ ವಾಪಸ್ ಕೊಡಲಿಲ್ಲ.

ಇಷ್ಟಾದರೂ ನನ್ನ ಮತ ಈ ಅರ್ಧರ್ಧಕ್ಕೇ. ಪಕ್ಕದ ತಮಿಳುನಾಡು 2006ರ ಕಾಯ್ದೆಯ ಮೂಲಕ ಪ್ರವೇಶ ಪರೀಕ್ಷೆಯನ್ನೇ ತೆಗೆದುಹಾಕಿ ಹನ್ನೆರಡನೆಯ ತರಗತಿಯ ಅಂಕಕ್ಕೆ ಪೂರ್ತಿ ಜೋತುಬಿತ್ತು. ನೀಟ್, ಜೆಇಇಯಂಥ ದೆಹಲಿಯ ಪರೀಕ್ಷೆಗಳು ಶಾಲೆಯ ಅಂಕವನ್ನು ಬಾಗಿಲಲ್ಲೇ ನಿಲ್ಲಿಸುತ್ತವೆ. ಕೇರಳವೂ ನಮ್ಮಂತೆ ಎರಡನ್ನೂ ಬೆರೆಸುತ್ತದೆ; ಬೆರೆಸುವ ಸೂತ್ರವನ್ನು ಕೊನೆ ಗಳಿಗೆಯಲ್ಲಿ ಬದಲಿಸಿದ್ದಕ್ಕೆ 2025ರ ಜುಲೈನಲ್ಲಿ ಅಲ್ಲಿನ ಹೈಕೋರ್ಟ್ ರ‍್ಯಾಂಕ್ ಪಟ್ಟಿಯನ್ನೇ ರದ್ದು ಮಾಡಿತು. ಕೋಚಿಂಗ್ ಎಂಬುದು ನೆಲಮಂಗಲಕ್ಕೋ ರಾಜಾಜಿನಗರಕ್ಕೋ ಬಸ್ಸಿನಲ್ಲಿ ಹೋಗಿ ಲಕ್ಷಗಟ್ಟಲೆ ಕಟ್ಟಿ ಕೊಳ್ಳಬೇಕಾದ ವಸ್ತು. ಅದಿಲ್ಲದೆ, ಸರ್ಕಾರಿ ಪಿಯು ಕಾಲೇಜಿನ ಉಪನ್ಯಾಸಕರ ನೋಟ್ಸ್ ನಂಬಿ ಎರಡು ವರ್ಷ ಕ್ಲಾಸಿಗೆ ಕೂತ ಹುಡುಗಿಗೆ ಆ ಎರಡು ವರ್ಷ ಲೆಕ್ಕಕ್ಕೆ ಬರುವ ಜಾಗ ಈ ಅರ್ಧರ್ಧವೊಂದೇ.

ಪಿಯು ಪರೀಕ್ಷೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ನಡೆಯುತ್ತದೆ. ಹೆಚ್ಚು ಬಂದ ಅಂಕ ಉಳಿಯುತ್ತದೆ. ಎರಡನೇ ಪರೀಕ್ಷೆಯಲ್ಲಿ ಗಣಿತದಲ್ಲಿ 15 ಅಂಕ ಏರಿಸಿಕೊಂಡರೆ ಅದು ಸಿಇಟಿಯ ಒಂಬತ್ತು ಅಂಕಕ್ಕೆ ಸಮ. ಪಾಸಾದವರು ಮತ್ತೆ ಬರೆಯುವುದು ಅವಮಾನ ಎಂದುಕೊಳ್ಳುವ ಮನೆಗಳಲ್ಲಿ ಈ ಅವಕಾಶ ಹಾಗೇ ಕೊಳೆಯುತ್ತದೆ.

ಪರ್ಸೆಂಟ್ ಬೇರೆ, ಪರ್ಸೆಂಟೈಲ್ ಬೇರೆ

ವೈದ್ಯಕೀಯಕ್ಕೆ ನೀಟ್. 180 ಪ್ರಶ್ನೆ, 720 ಅಂಕ. ಅರ್ಧ ಜೀವವಿಜ್ಞಾನ, ಉಳಿದರ್ಧ ಭೌತ-ರಸಾಯನ. ಸರಿ ಉತ್ತರಕ್ಕೆ ನಾಲ್ಕು, ತಪ್ಪಿಗೆ ಮೈನಸ್ ಒಂದು. ಸಿಇಟಿಯ ಗುಂಡಿ ತುಂಬುವ ಧೈರ್ಯ ಇಲ್ಲಿ ನಡೆಯುವುದಿಲ್ಲ. 2017ರಿಂದ ಕನ್ನಡದಲ್ಲೂ ಪ್ರಶ್ನೆಪತ್ರಿಕೆ ಸಿಗುತ್ತದೆ. ಪಿಯು ವಿಜ್ಞಾನವನ್ನು ಇಂಗ್ಲಿಷಿನಲ್ಲೇ ಓದಿಸಿದ ಮೇಲೆ ಪರೀಕ್ಷೆಯ ದಿನ ಕನ್ನಡ ಕೊಟ್ಟರೆ ತೆಗೆದುಕೊಳ್ಳುವವರು ಎಷ್ಟು ಜನ?

ಪಿಯು ಅಂಕಕ್ಕೆ ಇಲ್ಲಿ ಕಾವಲುಗಾರನ ಕೆಲಸ ಮಾತ್ರ. ಭೌತ, ರಸಾಯನ, ಜೀವವಿಜ್ಞಾನ ಸೇರಿ ಸಾಮಾನ್ಯ ವರ್ಗಕ್ಕೆ ಶೇ 50, ಮೀಸಲು ವರ್ಗಕ್ಕೆ ಶೇ 40 ಇದ್ದರೆ ಒಳಗೆ ಬಿಡುತ್ತಾರೆ. ಆಮೇಲೆ 99 ತೆಗೆದವರೂ 51 ತೆಗೆದವರೂ ಒಂದೇ.

ಎಲ್ಲರೂ ಎಡವುವುದು ‘ಐವತ್ತು ಪರ್ಸೆಂಟೈಲ್’ ಎಂಬ ಮಾತಿನಲ್ಲಿ. ನೀಟ್ ಪಾಸಾಗಲು ಸಾಮಾನ್ಯ ವರ್ಗಕ್ಕೆ ಅಷ್ಟು ಬೇಕು. ಅದನ್ನು 720ರ ಅರ್ಧ, 360 ಅಂಕ ಎಂದು ಓದುವವರೇ ಹೆಚ್ಚು. ಪಕ್ಕದ ಶಿವಗಂಗೆ ಬೆಟ್ಟ ಹತ್ತುವವರನ್ನು ನೆನಪಿಸಿಕೊಳ್ಳಿ. ಎಷ್ಟು ಮೆಟ್ಟಿಲು ಹತ್ತಿದಿರಿ ಎಂಬುದು ಪರ್ಸೆಂಟ್. ನಿಮಗಿಂತ ಕೆಳಗೆ ಎಷ್ಟು ಜನ ಏದುಸಿರು ಬಿಡುತ್ತಿದ್ದಾರೆ ಎಂಬುದು ಪರ್ಸೆಂಟೈಲ್. ಬಿಸಿಲು ಜೋರಾಗಿ ಎಲ್ಲರೂ ಕೆಳಗೇ ಕೂತುಬಿಟ್ಟರೆ ಕಾಲುಭಾಗ ಹತ್ತಿದವನೂ ಐವತ್ತನ್ನು ದಾಟುತ್ತಾನೆ.

2025ರಲ್ಲಿ ಆದದ್ದೂ ಅದೇ. 22 ಲಕ್ಷಕ್ಕೂ ಹೆಚ್ಚು ಮಂದಿ ಬರೆದರು. ಸಾಮಾನ್ಯ ವರ್ಗದ ಅರ್ಹತಾ ಗಡಿ ನಿಂತದ್ದು 144ಕ್ಕೆ, ಅಂದರೆ 720ರ ಶೇ 20ಕ್ಕೆ. 12 ಲಕ್ಷಕ್ಕೂ ಹೆಚ್ಚು ಮಂದಿ ‘ಕ್ವಾಲಿಫೈ’ ಆದರು. ಆ ಪದ ಕೇಳಿ ಸಿಹಿ ಹಂಚಿದವರು ಸರ್ಕಾರಿ ಸೀಟಿನ ಕಟ್‌ಆಫ್ ನೋಡಿ ಸುಮ್ಮನಾದರು. ಅರ್ಹತೆಯ ಗಡಿ ಸೀಟಿನ ಗಡಿಯಲ್ಲ. ನಡುವೆ ನೂರಾರು ಅಂಕದ ಕಂದಕವಿದೆ, ಅದನ್ನು ದುಡ್ಡಿನ ಸೇತುವೆ ಮೇಲೆ ದಾಟುವವರಿದ್ದಾರೆ.

ಜೆಇಇ ಮೇನ್ ಇನ್ನೊಂದು ಥರ. ಸುರತ್ಕಲ್‌ನ ಎನ್‌ಐಟಿಯಲ್ಲಿ ಅರ್ಧ ಸೀಟು ಕರ್ನಾಟಕದವರಿಗೇ ಇದೆ ಎಂಬುದು ಈ ಕಡೆಯ ಹಳ್ಳಿಗಳಲ್ಲಿ ಎಷ್ಟು ಜನಕ್ಕೆ ಗೊತ್ತು? ರ‍್ಯಾಂಕು ಜೆಇಇಯದ್ದೇ. ಆದರೆ ಸೀಟು ಕೈಗೆ ಬರಬೇಕಾದರೆ ಪಿಯುಸಿಯಲ್ಲಿ ಶೇ 75 ಇರಬೇಕು, ಇಲ್ಲವೇ ಬೋರ್ಡಿನ ಮೊದಲ ಇಪ್ಪತ್ತು ಪರ್ಸೆಂಟೈಲ್‌ನಲ್ಲಿರಬೇಕು. ಪರಿಶಿಷ್ಟರಿಗೆ ಶೇ 65. ಸಿಇಟಿಯಲ್ಲಿ ಕೆಲಸಕ್ಕೆ ಬಾರದ ಭಾಷಾ ಅಂಕ ಈ ಮುಕ್ಕಾಲರ ಲೆಕ್ಕದಲ್ಲಿ ಮತ್ತೆ ಜೀವ ಪಡೆಯುತ್ತದೆ.

ಸಾಗರದಾಚೆಯ ಕನ್ನಡ ಮನೆಗಳ ಪಾಡು ಇದಕ್ಕಿಂತ ವಿಚಿತ್ರ. ಅಮೆರಿಕದಲ್ಲಿ ಶಾಲೆಯ ಗ್ರೇಡು, 1600 ಅಂಕದ ಸ್ಯಾಟ್, ಪ್ರಬಂಧ, ಶಿಫಾರಸು ಎಲ್ಲವನ್ನೂ ನೋಡುತ್ತಾರೆ. ಯಾವುದಕ್ಕೆ ಎಷ್ಟು ತೂಕ ಎಂಬ ಸೂತ್ರವನ್ನು ಹೊರಗೆ ಹೇಳುವುದಿಲ್ಲ. ಕೋವಿಡ್ ಕಾಲದಲ್ಲಿ ಸ್ಯಾಟ್ ಕಡ್ಡಾಯವಲ್ಲ ಎಂದ ಎಂಐಟಿ 2022ರಲ್ಲಿ ಮತ್ತೆ ಕಡ್ಡಾಯ ಮಾಡಿತು, ಹಾರ್ವರ್ಡ್ 2024ರಲ್ಲಿ. ಬಡ ಮನೆಯ ಜಾಣ ಮಕ್ಕಳನ್ನು ಗುರುತಿಸಲು ಪರೀಕ್ಷೆಯೇ ನೆರವಾಗುತ್ತದೆ ಎಂಬುದು ಎಂಐಟಿ ಕೊಟ್ಟ ಕಾರಣಗಳಲ್ಲೊಂದು. ನಮ್ಮಲ್ಲಿ ಬಡ ಮಕ್ಕಳ ಹೆಸರು ಹೇಳಿಯೇ ಪರೀಕ್ಷೆ ಬೇಡ ಎನ್ನುವವರು ಇದನ್ನು ಒಮ್ಮೆ ಯೋಚಿಸಬೇಕು, ಪರೀಕ್ಷೆಯೊಂದೇ ಸಾಕು ಎನ್ನುವವರು ಎರಡು ಸಲ.

▌ ಇಲ್ಲಿಗೆ ಇಷ್ಟು ಸಾಕು
ಬಿ.ಇ. (ಸಿಇಟಿ): ಪಿಯುಸಿಯ ಮೂರು ವಿಷಯ ಸೇರಿ ಸಾಮಾನ್ಯ ವರ್ಗಕ್ಕೆ ಶೇ 45 (300ಕ್ಕೆ 135), ಮೀಸಲು ವರ್ಗಕ್ಕೆ ಶೇ 40 (120). ಪಿಯು ಪಾಸಿನ ಗಡಿ 2025-26ರಿಂದ ಶೇ 33ಕ್ಕೆ ಇಳಿದಿದೆ, ಪಾಸಾದವರೆಲ್ಲ ಬಿ.ಇ.ಗೆ ಅರ್ಹರು ಎಂದುಕೊಳ್ಳಬೇಡಿ.
ಕಾಮೆಡ್-ಕೆ: 180 ಪ್ರಶ್ನೆ, 180 ಅಂಕ, ಮೈನಸ್ ಇಲ್ಲ. ರ‍್ಯಾಂಕಿಗೆ ಪಿಯು ಅಂಕ ಸೇರುವುದಿಲ್ಲ.
ಆರ್ಕಿಟೆಕ್ಚರ್: ಸಿಇಟಿ ಅಂಕ ಬೇಡ, ನಾಟಾ ಅಂಕ ಅರ್ಧ, ಪಿಯು ಅರ್ಧ.
ಕಾನೂನು (ಕ್ಲ್ಯಾಟ್): ಯಾವ ವಿಭಾಗದ ಪಿಯು ಆದರೂ ಸರಿ, ಶೇ 45, ಪರಿಶಿಷ್ಟರಿಗೆ ಶೇ 40. ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಕಾಲುಭಾಗ ಮೀಸಲು.

ಹತ್ತು ವರ್ಷದ ಕಾಗದ

ಅಂಕದಷ್ಟೇ ತೂಕದ ಇನ್ನೊಂದು ವಿಷಯವಿದೆ. ಅದನ್ನು ಯಾವ ಪರೀಕ್ಷೆಯಲ್ಲೂ ಗಳಿಸಲಾಗದು. ಒಂದನೇ ಕ್ಲಾಸಿಗೆ ಸೇರಿದ ದಿನದಿಂದ ಕೂಡುತ್ತ ಬರಬೇಕು.

ಒಂದರಿಂದ ಹತ್ತರವರೆಗೆ, ಹತ್ತಕ್ಕೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇ 15. ಹತ್ತೂ ವರ್ಷ ಕನ್ನಡ ಮಾಧ್ಯಮವಾದರೆ ಶೇ 5. ಪ್ರತಿ ಮೀಸಲು ವರ್ಗದ ಒಳಗೂ ಈ ಪಾಲು ಇರುತ್ತದೆ. ಸೋಂಪುರ ಹೋಬಳಿಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಓದಿದ ಮಗುವಿಗೆ ಎರಡೂ ಸಲ್ಲುತ್ತವೆ. ಆದರೆ ನಡೆಯುವುದು ಹೀಗೆ: ಏಳನೇ ಕ್ಲಾಸಿನ ತನಕ ಊರಲ್ಲಿ ಓದಿಸಿ, ಚೆನ್ನಾಗಿ ಓದುತ್ತಾನೆಂದು ಎಂಟಕ್ಕೆ ನೆಲಮಂಗಲದ ಇಂಗ್ಲಿಷ್ ಮಾಧ್ಯಮಕ್ಕೆ ಹಾಕುತ್ತಾರೆ. ಹಳದಿ ವ್ಯಾನು ಮನೆ ಬಾಗಿಲಿಗೇ ಬರುತ್ತದೆ. ಆ ಮೂರು ವರ್ಷದಲ್ಲಿ ಎರಡು ಮೀಸಲಾತಿಯೂ ಹೋದವು. ಹೋಯಿತು ಎಂದು ಗೊತ್ತಾಗುವುದು ಐದು ವರ್ಷದ ಮೇಲೆ, ಬಿಇಒ ಮೇಲುರುಜು ಬೇಕೆಂದು ವ್ಯಾಸಂಗ ಪ್ರಮಾಣಪತ್ರ ಹಿಡಿದು ಓಡಾಡುವಾಗ.

ಗ್ರಾಮೀಣ ಎಂದರೇನು ಎಂಬುದೂ ಇಂಥ ಕಡೆ ಇತ್ಯರ್ಥವಾಗದ ಪ್ರಶ್ನೆ. ನಗರ, ಪಟ್ಟಣ, ಪರಿವರ್ತನೆಯ ಹಂತದ ಪ್ರದೇಶ ಯಾವುದೂ ಆಗಿರಬಾರದು ಎನ್ನುತ್ತದೆ ನಿಯಮ. ಹೆದ್ದಾರಿಯ ಎರಡೂ ಬದಿ ಕಾರ್ಖಾನೆ, ಲೇಔಟು, ಗೋದಾಮು ಎದ್ದು ನಿಂತ ಈ ಪಟ್ಟಿಯಲ್ಲಿ ಊರು ಕಣ್ಣಿಗೆ ಪಟ್ಟಣದಂತೆ ಕಂಡರೆ ಸಾಲದು. ಶಾಲೆ ಇದ್ದ ಜಾಗ ಆ ಹತ್ತು ವರ್ಷ ಸರ್ಕಾರಿ ದಾಖಲೆಯಲ್ಲಿ ಏನಾಗಿತ್ತು ಎಂಬುದೇ ಮುಖ್ಯ. ಶಾಲೆಯ ಹೆಡ್ ಮೇಷ್ಟರಿಗೆ ಗೊತ್ತಿರುತ್ತದೆ, ಈಗಲೇ ಕೇಳಿಡಿ.

ಕೈಗಾರಿಕಾ ಪ್ರದೇಶಕ್ಕೆ ಬಿಹಾರ, ಒಡಿಶಾ, ಉತ್ತರ ಪ್ರದೇಶಗಳಿಂದ ಬಂದು ನೆಲೆಯೂರಿದವರ ಮಕ್ಕಳಿಗೆ ಲೆಕ್ಕ ಏಳು ವರ್ಷದ್ದು. ಒಂದರಿಂದ ಹನ್ನೆರಡರೊಳಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿ, ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಇಲ್ಲೇ ಪಾಸಾಗಿರಬೇಕು. ಆರನೇ ಕ್ಲಾಸಿಗೆ ಇಲ್ಲಿ ಸೇರಿದ ಮಗುವಿಗೆ ಪಿಯು ಮುಗಿಯುವ ಹೊತ್ತಿಗೆ ಸರಿಯಾಗಿ ಏಳು. ಏಳನೇ ಕ್ಲಾಸಿಗೆ ಸೇರಿದ್ದರೆ ಆರು. ಈ ನಿಯಮದಡಿ ಸರ್ಕಾರಿ ಸೀಟಿಲ್ಲ. ಕನ್ನಡ ಇಲ್ಲಿಯವರಷ್ಟೇ ಚೆನ್ನಾಗಿ ಬಂದರೂ ಅಷ್ಟೇ. ಕಾಸರಗೋಡು, ಅಕ್ಕಲಕೋಟೆ, ಜತ್ತದ ಗಡಿನಾಡ ಮಕ್ಕಳಿಗೆ ಮಾತ್ರ ಬೇರೆ ದಾರಿಯಿದೆ: ಸಿಇಟಿ ಜತೆ 50 ಅಂಕದ ಕನ್ನಡ ಪರೀಕ್ಷೆ ಬರೆದು ಕನಿಷ್ಠ 12 ತೆಗೆಯಬೇಕು.

ಬೀಜ ಗುರುತಿಸಿದರೂ ಅಂಕ

ಪ್ರವೇಶ ಪರೀಕ್ಷೆಗಳಲ್ಲೆಲ್ಲ ನನಗೆ ಇಷ್ಟವಾದದ್ದು ಬಿ.ಎಸ್ಸಿ. ಕೃಷಿಯ ರೈತರ ಕೋಟಾದ್ದು. ಅಲ್ಲಿ ಪಿಯು ಅಂಕಕ್ಕೆ ಶೇ 25, ಸಿಇಟಿಗೆ ಶೇ 25. ಉಳಿದ ಐವತ್ತು ಪ್ರಾಯೋಗಿಕ ಪರೀಕ್ಷೆಗೆ.

ಕೃಷಿ ವಿಶ್ವವಿದ್ಯಾಲಯದಲ್ಲಿ ಮೇಜಿನ ಮೇಲೆ ಸಾಲಾಗಿ ಇಟ್ಟಿರುತ್ತಾರೆ: ಬೀಜ, ಗೊಬ್ಬರ, ಬೇಸಾಯದ ಉಪಕರಣ. ಹೆಸರು ಹೇಳಬೇಕು, ಉಪಯೋಗ ಬರೆಯಬೇಕು. ಕೋಚಿಂಗ್ ಸೆಂಟರಿನ ಎಸಿ ಕೋಣೆಯಲ್ಲಿ ಎರಡು ವರ್ಷ ಕೂತವನು ಸಾಮೆಗೂ ನವಣೆಗೂ ವ್ಯತ್ಯಾಸ ಕಾಣದೆ ಬೆವರುವ ಜಾಗ ಅದು. ಹಾರಕದ ಕಾಳನ್ನು ಬೆರಳಲ್ಲಿ ಉಜ್ಜಿ ನೋಡಿದ ಕೂಡಲೇ ಹೆಸರು ಹೇಳುವ ಹುಡುಗಿಗೆ ಅಜ್ಜಿಯ ಮನೆಯ ಬೇಸಿಗೆ ರಜೆ ಕೂಡ ಅಂಕವಾಗಿ ಬರುತ್ತದೆ. ಇದಕ್ಕೂ ಕೋಚಿಂಗ್ ಹುಟ್ಟಿಕೊಂಡಿದೆ, ಬೀಜದ ಡಬ್ಬಿ ಸಮೇತ. ನಮ್ಮವರು ಯಾವುದನ್ನೂ ಬಿಡುವವರಲ್ಲ.

ಕೋಟಾಕ್ಕೆ ತಹಶೀಲ್ದಾರರ ಪ್ರಮಾಣಪತ್ರ ಬೇಕು, ಬೇಸಾಯದ ಮನೆಯವರು ಎಂದು. ಕೈಗಾರಿಕೆಗೆ ಜಮೀನು ಬಿಟ್ಟುಕೊಟ್ಟ ಮನೆಗಳಲ್ಲಿ ಅಜ್ಜನಿಗೆ ಪಹಣಿ ಇತ್ತು, ಅಪ್ಪನಿಗೆ ಪರಿಹಾರದ ಹಣ ಬಂತು, ಮಗ ಸಿಇಟಿ ಬರೆಯುವ ಹೊತ್ತಿಗೆ ತೋರಿಸಲು ಸರ್ವೆ ನಂಬರ್ ಇಲ್ಲ. ರಾಗಿ ಬೆಳೆದ ಹೊಲದಲ್ಲಿ ಈಗ ತಗಡಿನ ಶೆಡ್ಡು ನಿಂತಿದೆ. ಅದರೊಳಗೆ ಕೆಲಸ ಸಿಕ್ಕಿತು ನಿಜ, ರೈತನ ಮಗ ಎಂಬ ಕಾಗದ ಸಿಗುವುದಿಲ್ಲ.

ಯಾವ ಚಾಯ್ಸ್?

ರ‍್ಯಾಂಕು ಬಂದ ಮೇಲೂ ಆಟ ಮುಗಿದಿರುವುದಿಲ್ಲ. ಆಪ್ಷನ್ ಎಂಟ್ರಿಯಲ್ಲಿ ಕಾಲೇಜು-ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ಬರೆಯಬೇಕು. ಎಷ್ಟು ಬೇಕಾದರೂ ಬರೆಯಬಹುದು. ನಾಲ್ಕೇ ಹೆಸರು ಬರೆದು ‘ಸಿಕ್ಕರೆ ಇವು, ಇಲ್ಲದಿದ್ದರೆ ಬೇಡ’ ಎಂದು ಮೀಸೆ ತಿರುವಿದವರಿಗೆ ಮೊದಲ ಸುತ್ತಿನಲ್ಲಿ ಏನೂ ಸಿಗದಿರುವುದು ಮಾಮೂಲು. ಸಿಗುವುದಿಲ್ಲವೆಂದು ಹೆದರಿ ಬೇಕಾದ ಕಾಲೇಜನ್ನು ಕೆಳಗೆ ಬರೆಯುವುದು ಅದಕ್ಕಿಂತ ದೊಡ್ಡ ತಪ್ಪು. ಯಂತ್ರ ಮೇಲಿನಿಂದ ಕೆಳಗೆ ನೋಡುತ್ತದೆ, ಮೊದಲು ಸಿಕ್ಕಿದ್ದನ್ನು ಕೊಟ್ಟು ನಿಲ್ಲಿಸುತ್ತದೆ. ಮೇಲೆ ದೊಡ್ಡ ಆಸೆ ಬರೆದರೆ ಕೆಳಗಿನ ಅವಕಾಶ ತಪ್ಪುವುದಿಲ್ಲ. ಅಣಕು ಹಂಚಿಕೆ ನೋಡಿಕೊಂಡು ತಿದ್ದಲು ಸಮಯವನ್ನೂ ಕೊಡುತ್ತಾರೆ.

ಸೀಟು ಬಂದಾಗ ನಾಲ್ಕು ಚಾಯ್ಸ್. ಒಂದು: ಒಪ್ಪಿದೆ, ಶುಲ್ಕ ಕಟ್ಟಿ ಸೇರುತ್ತೇನೆ. ಎರಡು: ಇದು ಇರಲಿ, ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕರೆ ಅದು. ಮೂರು: ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕು: ಈ ಸಹವಾಸವೇ ಬೇಡ. ಎರಡಕ್ಕೂ ಮೂರಕ್ಕೂ ನಡುವಿನ ವ್ಯತ್ಯಾಸ ಒಂದು ಸೀಟು. ಮೂರನ್ನು ಒತ್ತಿದರೆ ಕೈಯಲ್ಲಿದ್ದದ್ದು ಹೋಗುತ್ತದೆ. ಮುಂದಿನ ಸುತ್ತಿನಲ್ಲಿ ಸಿಕ್ಕರೆ ಸಿಕ್ಕಿತು. ಮನೆಯ ಆದಾಯ ಎಂಟು ಲಕ್ಷದೊಳಗಿದ್ದರೆ ಬೋಧನಾ ಶುಲ್ಕದ ವಿನಾಯಿತಿಯಿರುವ ಎಸ್‌ಎನ್‌ಕ್ಯೂ ಸೀಟುಗಳೂ ಇವೆ, ಪ್ರತಿ ಕೋರ್ಸಿನಲ್ಲಿ ಶೇ 5ರಷ್ಟು ಹೆಚ್ಚುವರಿಯಾಗಿ. ಅರ್ಜಿಯಲ್ಲಿ ಆ ಒಂದು ಪ್ರಶ್ನೆಗೆ ‘ಹೌದು’ ಎನ್ನದೆ ಬಿಟ್ಟವರಿಗೆ ಅದು ಕಾಣಿಸುವುದೇ ಇಲ್ಲ.

ಇಷ್ಟೆಲ್ಲ ಲೆಕ್ಕದ ಸುತ್ತ ಹೋಗದೆಯೂ ಬಿ.ಇ. ಮುಟ್ಟುವ ದಾರಿಯೊಂದು ಈ ಹೆದ್ದಾರಿಯ ಮಕ್ಕಳಿಗೆ ಹಿಂದಿನಿಂದಲೂ ಗೊತ್ತು. ಎಸ್ಸೆಸ್ಸೆಲ್ಸಿ ಅಂಕದ ಮೇಲೆ ಪಾಲಿಟೆಕ್ನಿಕ್ ಸೇರಿ, ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಕಾರ್ಖಾನೆಯಲ್ಲಿ ಕೆಲಸ ಹಿಡಿದೋ ಹಿಡಿಯದೆಯೋ ಡಿಪ್ಲೊಮಾದವರ ಸಿಇಟಿಯಾದ ಡಿಸಿಇಟಿ ಬರೆಯುವುದು. ರ‍್ಯಾಂಕ್ ಬಂದರೆ ನೇರ ಎರಡನೇ ವರ್ಷದ ಬಿ.ಇ. ಅಲ್ಲಿ ಪಿಯು ಅಂಕವನ್ನು ಯಾರೂ ಕೇಳುವುದಿಲ್ಲ.